ಕಾಗದದ ಮಾದರಿಗೆ ಯಾವ ಅಂಟು? ಗೋಡೆ ಬಾಗುತ್ತಿದೆ, ಗುಮ್ಮಟ ಸುಕ್ಕಾಗುತ್ತಿದೆ

ಗುಮ್ಮಟದ ಗೀಳು, ವಿಜಯಪುರ

ಎಲ್ಲರಿಗೂ ನಮಸ್ಕಾರ. ಗೋಲಗುಮ್ಮಟದ ಕಾಗದದ ಮಾದರಿಯೊಂದನ್ನು 1:200 ಪ್ರಮಾಣದಲ್ಲಿ ಸಿದ್ಧಪಡಿಸುತ್ತಿದ್ದೇನೆ. ನಕ್ಷೆ ಒಮ್ಮೆ ಸರಿಹೋದರೆ ನಮ್ಮ ಶಾಲೆಯ ಎಂಟನೇ ತರಗತಿಯ ಮಕ್ಕಳು ಅದನ್ನೇ ಕತ್ತರಿಸಿ ಅಂಟಿಸಲಿ ಎಂಬುದು ಉದ್ದೇಶ. ಕಟ್ಟಡದ ಒಂದೊಂದು ಬದಿ ಸುಮಾರು 47.5 ಮೀಟರ್ ಇರುವುದರಿಂದ ಮಾದರಿಯಲ್ಲಿ ಗೋಡೆಯ ಅಗಲ 23.75 ಸೆಂ.ಮೀ. ಆಗುತ್ತದೆ, ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್, ಅಂದರೆ ಮಾದರಿಯಲ್ಲಿ 22 ಸೆಂ.ಮೀ. ಗುಮ್ಮಟವನ್ನು ಅರ್ಧಗೋಳವೆಂದು ಹಿಡಿದು 16 ಎಸಳುಗಳಾಗಿ ಬಿಡಿಸಿದ್ದೇನೆ. ಪ್ರತಿ ಎಸಳಿನ ಬುಡ 4.3 ಸೆಂ.ಮೀ., ಬುಡದಿಂದ ತುದಿಯವರೆಗಿನ ಉದ್ದ 17.3 ಸೆಂ.ಮೀ.

ಗೋಡೆಗಳನ್ನು 80 ಜಿಎಸ್‌ಎಂ (ಅಂದರೆ ಚದರ ಮೀಟರಿಗೆ 80 ಗ್ರಾಂ ತೂಗುವ) ಹಾಳೆಯಲ್ಲಿ ಇಂಕ್‌ಜೆಟ್ ಪ್ರಿಂಟರಿನಿಂದ ಮುದ್ರಿಸಿ ರಟ್ಟಿಗೆ ಅಂಟಿಸುತ್ತೇನೆ. ನಾಲ್ಕು ಮೂಲೆಗಳ ಅಷ್ಟಕೋನದ ಗೋಪುರಗಳಿಗೂ ಗುಮ್ಮಟಕ್ಕೂ 200 ಜಿಎಸ್‌ಎಂ ಐವರಿ ಕಾರ್ಡ್ ಬಳಸುತ್ತಿದ್ದೇನೆ. ಅಂಟು ಎಂದರೆ ಎಲ್ಲ ಸ್ಟೇಷನರಿ ಅಂಗಡಿಗಳಲ್ಲಿ ಸಿಗುವ ಬಿಳಿ ಅಂಟಿನ ಸಣ್ಣ ಬಾಟಲಿ, ಅಷ್ಟೇ. ತೊಂದರೆ ಮೂರು ಬಗೆಯದು. ಗೋಡೆಗಳು ಅಂಟಿಸಿದಾಗ ನೆಟ್ಟಗಿದ್ದು ಒಣಗುತ್ತ ಒಣಗುತ್ತ ಹಾಳೆಯ ಕಡೆಗೆ ಬಾಗುತ್ತವೆ. ಗುಮ್ಮಟದ ಎಸಳುಗಳು ಕೂಡುವ ಗೆರೆಯುದ್ದಕ್ಕೂ ಸುಕ್ಕು ಮೂಡುತ್ತದೆ. ಅಂಟು ತಾಗಿದ ಕಡೆ ಮುದ್ರಣದ ಬಣ್ಣ ಹರಡುತ್ತದೆ. ಗ್ಲೂ ಸ್ಟಿಕ್ ಬಳಸಿದಾಗ ಗೋಡೆ ಬಾಗಲಿಲ್ಲ, ಆದರೆ ಕೆಲವು ವಾರಗಳಲ್ಲಿ ಹಾಳೆಯ ಅಂಚುಗಳು ಮೇಲೆದ್ದವು. ಬೇರೆ ಯಾವ ಅಂಟು ಕೊಳ್ಳಬೇಕು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಮಾದರಿಮನೆ, ಬೆಂಗಳೂರು

ನಮಸ್ಕಾರ ಮೇಷ್ಟ್ರೇ. ಮೂರೂ ಕೆಲಸಗಳಿಗೆ ಒಂದೇ ಅಂಟನ್ನು ಹುಡುಕುವ ಆಸೆಯನ್ನು ಮೊದಲು ಬಿಡಿ. ವಾಸ್ತುಶಿಲ್ಪದ ವಿದ್ಯಾರ್ಥಿಯಾಗಿದ್ದಾಗಿನಿಂದಲೂ ನಾನು ಹಾಳೆಯನ್ನು ರಟ್ಟಿಗೆ ಅಂಟಿಸಲು ರಬ್ಬರ್ ಅಂಟನ್ನು ಬಳಸುತ್ತೇನೆ. ಬಡಗಿಗಳು ಪ್ಲೈವುಡ್ ಮೇಲೆ ಸನ್‌ಮೈಕಾ ಅಂಟಿಸಲು ಬಳಸುವ ಜಾತಿಯ ಅಂಟು ಅದು. ಅದರಲ್ಲಿ ನೀರೇ ಇಲ್ಲವಾದ್ದರಿಂದ ಹಾಳೆ ಉಬ್ಬುವುದೂ ಇಲ್ಲ, ಕುಗ್ಗುವುದೂ ಇಲ್ಲ. ಎರಡೂ ಮೈಗಳಿಗೆ ತೆಳ್ಳಗೆ ಹಚ್ಚಿ, ಹತ್ತು ಹದಿನೈದು ನಿಮಿಷ ಬಿಟ್ಟು, ಬೆರಳಿಗೆ ಹತ್ತದಂತಾದ ಮೇಲೆ ಒಂದರ ಮೇಲೊಂದು ಒತ್ತಬೇಕು. ಒಮ್ಮೆ ಕೂತರೆ ಮತ್ತೆ ಸರಿಸಲು ಬರುವುದಿಲ್ಲ ಎಂಬುದೊಂದೇ ಕಷ್ಟ. ಅದಕ್ಕೂ ಉಪಾಯವಿದೆ: ನಡುವೆ ಬಟರ್ ಪೇಪರ್ ಇಟ್ಟು, ಅಂಚುಗಳನ್ನು ಸರಿಹೊಂದಿಸಿಕೊಂಡು, ಒಂದು ಬದಿಯಿಂದ ಬಟರ್ ಪೇಪರನ್ನು ಸ್ವಲ್ಪ ಸ್ವಲ್ಪವೇ ಎಳೆಯುತ್ತ ಹೋದರೆ ಹಾಳೆ ತನ್ನ ಜಾಗದಲ್ಲೇ ಕೂರುತ್ತದೆ.

ಗೋಪುರಗಳಿಗೆ ಬಿಳಿ ಅಂಟೇ ಸಾಕು. ಗುಮ್ಮಟದ ವಿಷಯವನ್ನು ನನಗಿಂತ ಬಲ್ಲವರು ಹೇಳಲಿ.

ರಟ್ಟುಗಾರ, ಮೈಸೂರು

ಮಾದರಿಮನೆಯವರ ಮಾತಿನಲ್ಲಿ ಅರ್ಧವನ್ನು ಒಪ್ಪುತ್ತೇನೆ, ಉಳಿದರ್ಧವನ್ನು ಒಪ್ಪಲಾರೆ. ರಬ್ಬರ್ ಅಂಟು ಹಚ್ಚಿದ ಹಾಳೆ ಅಂದಿಗೆ ಕನ್ನಡಿಯಂತೆ ನೆಟ್ಟಗೆ ಕಾಣುತ್ತದೆ, ನಿಜ. ಆದರೆ ವರ್ಷಗಳು ಕಳೆದಂತೆ ರಬ್ಬರು ಗಾಳಿಯ ಆಮ್ಲಜನಕದೊಂದಿಗೆ ಸೇರಿ ಹಳದಿಯಾಗುತ್ತದೆ, ಹಾಳೆಯೊಳಗೆ ಇಳಿದು ಕಂದು ಕಲೆ ಬಿಡುತ್ತದೆ, ಕೊನೆಗೆ ಜಿಗುಟನ್ನೇ ಕಳೆದುಕೊಂಡು ಒಣ ಪುಡಿಯಾಗುತ್ತದೆ. ಪರೀಕ್ಷೆಗೆ ಒಪ್ಪಿಸಿ ಮರೆಯುವ ಮಾದರಿಗೆ ಅದು ಸಾಕು. ಶಾಲೆಯ ಕಪಾಟಿನಲ್ಲಿ ಹತ್ತಾರು ವರ್ಷ ನಿಲ್ಲಬೇಕಾದ ಮಾದರಿಗೆ ಸಾಲದು. ಮಕ್ಕಳ ಕೈಗೆ ಕೊಡುವ ವಸ್ತುವಂತೂ ಅದಲ್ಲ, ಏಕೆಂದರೆ ಇಂಥ ಅಂಟುಗಳಲ್ಲಿ ಟಾಲ್ಯುಯೀನ್‌ನಂತಹ ದ್ರಾವಕಗಳಿರುತ್ತವೆ ಮತ್ತು ಅವುಗಳ ಹಬೆಯನ್ನು ಮುಚ್ಚಿದ ಕೋಣೆಯಲ್ಲಿ ಉಸಿರಾಡಬಾರದು.

ಗೋಡೆ ಬಾಗುವುದಕ್ಕೆ ಬೈಂಡಿಂಗ್ ಕೆಲಸದಲ್ಲಿ ಹಳೆಯ ಪರಿಹಾರವಿದೆ. ಒದ್ದೆಯಾಗಿ ಹಿಗ್ಗಿದ ಹಾಳೆ ರಟ್ಟಿಗೆ ಅಂಟಿಕೊಂಡು ಒಣಗುವಾಗ ಕುಗ್ಗುತ್ತದೆ. ಕುಗ್ಗುವಾಗ ರಟ್ಟನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಪುಸ್ತಕದ ರಟ್ಟಿಗೆ ಹೊರಗಡೆ ಬಟ್ಟೆ ಅಥವಾ ಕಾಗದ ಹೊದಿಸಿದ ಮೇಲೆ ಒಳಗಡೆ ಇನ್ನೊಂದು ಹಾಳೆ ಅಂಟಿಸುವುದು ಬರೀ ಅಂದಕ್ಕಲ್ಲ, ಎರಡು ಕಡೆಯ ಎಳೆತ ಸಮವಾಗಲಿ ಎಂದು. ನಿಮ್ಮ ಗೋಡೆಯ ಹಿಂಬದಿಗೂ ಅದೇ 80 ಜಿಎಸ್‌ಎಂ ಹಾಳೆಯನ್ನು, ಅದೇ ಅಂಟಿನಿಂದ, ನಾರಿನ ದಿಕ್ಕು ಮುಂಬದಿಯ ಹಾಳೆಯಂತೆಯೇ ಬರುವ ಹಾಗೆ ಅಂಟಿಸಿ, ಎರಡು ಸಪಾಟಾದ ಹಲಗೆಗಳ ನಡುವೆ ಭಾರ ಹೇರಿ ಒಂದು ರಾತ್ರಿ ಬಿಡಿ. ಹಲಗೆಗೂ ಗೋಡೆಗೂ ನಡುವೆ ಹಳೆಯ ವೃತ್ತಪತ್ರಿಕೆಯನ್ನು ಇಡಬೇಡಿ, ಮಸಿ ಹತ್ತುತ್ತದೆ. ಬಿಳಿಯ ಖಾಲಿ ಹಾಳೆಗಳನ್ನಿಟ್ಟು ಅವು ತೇವ ಹೀರಿದಂತೆ ಬದಲಿಸಿ.

ಹೊಸಕೈ, ಹಾಸನ

ನಡುವೆ ಬಾಯಿ ಹಾಕುತ್ತಿರುವುದಕ್ಕೆ ಕ್ಷಮೆ ಇರಲಿ. ನಾರಿನ ದಿಕ್ಕು ಎಂದರೇನು, ಅದನ್ನು ಕಂಡುಹಿಡಿಯುವುದು ಹೇಗೆ ಎಂಬುದನ್ನು ಸ್ವಲ್ಪ ವಿವರಿಸುವಿರಾ? ಹಾಗೆಯೇ, ಇಷ್ಟೆಲ್ಲ ಒದ್ದಾಟದ ಬದಲು ಫೆವಿಕ್ವಿಕ್ ಹಾಕಿದರೆ ಆಗುವುದಿಲ್ಲವೇ?

ರಟ್ಟುಗಾರ, ಮೈಸೂರು

ಕಾರ್ಖಾನೆಯಲ್ಲಿ ಕಾಗದ ತಯಾರಾಗುವಾಗ ನೀರಿನಲ್ಲಿ ತೇಲುವ ನಾರುಗಳು ಓಡುವ ಜಾಲರಿಯ ಮೇಲೆ ಬೀಳುತ್ತವೆ, ಹೆಚ್ಚಿನವು ಜಾಲರಿ ಓಡುವ ದಿಕ್ಕಿಗೇ ಮಲಗುತ್ತವೆ. ನಾರು ನೆನೆದಾಗ ದಪ್ಪವಾಗುತ್ತದೆಯೇ ಹೊರತು ಉದ್ದವಾಗುವುದು ತೀರ ಕಡಿಮೆ. ಹಾಗಾಗಿ ಒದ್ದೆ ಹಾಳೆ ನಾರಿಗೆ ಅಡ್ಡವಾಗಿ ಹಿಗ್ಗುತ್ತದೆ, ನಾರಿನುದ್ದಕ್ಕೆ ಹೆಚ್ಚೂ ಕಡಿಮೆ ಹಾಗೇ ಇರುತ್ತದೆ. ಪರೀಕ್ಷೆ ಸುಲಭ: ಹಾಳೆಯನ್ನು ಮಡಿಕೆ ಬೀಳದಂತೆ ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಬಾಗಿಸಿ ಅಂಗೈಯಿಂದ ಮೆಲ್ಲಗೆ ಒತ್ತಿ ನೋಡಿ. ಯಾವ ಕಡೆ ತಕರಾರಿಲ್ಲದೆ ಬಾಗುತ್ತದೋ ಆ ಬಾಗಿನ ಗೆರೆಯ ದಿಕ್ಕೇ ನಾರಿನ ದಿಕ್ಕು. ಹರಿದು ನೋಡಿದರೂ ತಿಳಿಯುತ್ತದೆ; ನಾರಿನುದ್ದಕ್ಕೆ ಹರಿದರೆ ನೇರವಾಗಿ ಹರಿಯುತ್ತದೆ, ಅಡ್ಡಕ್ಕೆ ಹರಿದರೆ ವಕ್ರವಾಗಿ ಹೋಗುತ್ತದೆ. ಅಂಗಡಿಯಲ್ಲಿ ಸಿಗುವ ಎ4 ಹಾಳೆಗಳಲ್ಲಿ ಸಾಮಾನ್ಯವಾಗಿ ನಾರು ಉದ್ದನೆಯ ಬದಿಗೆ ಸಮಾನಾಂತರವಾಗಿರುತ್ತದೆ, ಆದರೂ ದಪ್ಪ ಕಾರ್ಡನ್ನು ದೊಡ್ಡ ಹಾಳೆಯಿಂದ ಕತ್ತರಿಸಿ ಕೊಡುವ ಅಂಗಡಿಗಳಲ್ಲಿ ಅದನ್ನು ನಂಬಬೇಡಿ, ಪರೀಕ್ಷಿಸಿಯೇ ಮುದ್ರಿಸಿ.

ಮೇಷ್ಟ್ರಿಗೆ ಇನ್ನೊಂದು ಮಾತು: ಅಷ್ಟಕೋನದ ಗೋಪುರಗಳ ಮಡಿಕೆಗಳೆಲ್ಲ ಮೇಲಿಂದ ಕೆಳಕ್ಕೆ ಬರುವುದರಿಂದ ನಾರೂ ಮೇಲಿಂದ ಕೆಳಕ್ಕೇ ಇರಲಿ. ನಾರಿಗೆ ಅಡ್ಡವಾಗಿ ಮಡಚಿದ ಐವರಿ ಕಾರ್ಡಿನ ಮೇಲ್ಪದರ ಬಿರಿಯುತ್ತದೆ.

ಮಾದರಿಮನೆ, ಬೆಂಗಳೂರು

ರಟ್ಟುಗಾರರ ಆಕ್ಷೇಪ ನ್ಯಾಯವಾದದ್ದು. ನಾನು ಮಾಡುವ ಮಾದರಿಗಳ ಆಯುಸ್ಸು ಕಕ್ಷಿದಾರರು ನಕ್ಷೆಯನ್ನು ಒಪ್ಪುವವರೆಗೆ ಮಾತ್ರ, ಆದ್ದರಿಂದ ಆ ಕಡೆಗೆ ನನ್ನ ಗಮನ ಕಡಿಮೆ.

ಹೊಸಕೈ ಅವರೇ, ಫೆವಿಕ್ವಿಕ್ ಮೊದಲಾದವು ಸಯನೋಆಕ್ರಿಲೇಟ್ ಜಾತಿಯ ಅಂಟುಗಳು. ಅವು ಒಣಗಿ ಗಟ್ಟಿಯಾಗುವಂಥವಲ್ಲ. ಮೇಲ್ಮೈಯಲ್ಲಿರುವ ಅತಿ ಸಣ್ಣ ಪ್ರಮಾಣದ ತೇವವೇ ಅವುಗಳನ್ನು ಗಟ್ಟಿಗೊಳಿಸುತ್ತದೆ. ಕಾಗದದ ಮೇಲೆ ಹನಿಸಿದರೆ ಅದು ಕೂಡುಗೆರೆಯಲ್ಲಿ ನಿಲ್ಲದೆ ಹಾಳೆಯೊಳಗೆ ಹರಿದು, ಹರಿದಷ್ಟು ಜಾಗವನ್ನು ಎಣ್ಣೆ ಬಿದ್ದ ಹಾಗೆ ಕಪ್ಪಾಗಿಸಿ, ಸೆಟೆದು ನಿಲ್ಲಿಸುತ್ತದೆ. ಸುತ್ತಲೂ ಬಿಳಿಯ ಬೂದಿಯಂಥ ಪದರವೂ ಕೂರಬಹುದು. ತಪ್ಪಿದ ಭಾಗವನ್ನು ಸರಿಪಡಿಸಲು ಒಂದು ಕ್ಷಣವೂ ಸಿಗುವುದಿಲ್ಲ. ಆದರೆ ಆ ಸೆಟೆಯುವ ಗುಣವೇ ಕೆಲವೊಮ್ಮೆ ಬೇಕಾಗುತ್ತದೆ: ಕಾಗದ ಸುತ್ತಿ ಮಾಡಿದ ಸಣ್ಣ ಕಳಸ, ಕಂಬಿ, ಬಂಡಿಯ ಅಚ್ಚು ಇಂಥವುಗಳಿಗೆ ಒಂದು ಹನಿ ಕುಡಿಸಿದರೆ ಪ್ಲಾಸ್ಟಿಕ್‌ನಂತೆ ಗಟ್ಟಿಯಾಗಿ ಉಜ್ಜಿ ನಯಗೊಳಿಸಲೂ ಬರುತ್ತದೆ. ಹತ್ತಿಯಿಂದ ಮಾತ್ರ ಒರೆಸಬೇಡಿ. ಹತ್ತಿ ಮತ್ತು ಈ ಅಂಟು ಕೂಡಿದರೆ ಚರ್ಮ ಸುಡುವಷ್ಟು ಬಿಸಿ ಹುಟ್ಟುತ್ತದೆ. ಎಂಟನೇ ತರಗತಿಯಲ್ಲಿ ಇದು ಬೇಡವೇ ಬೇಡ.

ರಸಾಯನ, ಧಾರವಾಡ

ಚರ್ಚೆ ಅಂಟುಗಳ ಹೆಸರಿನ ಸುತ್ತ ತಿರುಗುತ್ತಿದೆ. ನನ್ನ ದೃಷ್ಟಿಯಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ. ಯಾವ ಅಂಟು ಎನ್ನುವುದಕ್ಕಿಂತ, ಹಾಳೆಗೆ ಎಷ್ಟು ನೀರು ಹೋಗುತ್ತದೆ, ಎಷ್ಟು ಹೊತ್ತು ಅಲ್ಲಿರುತ್ತದೆ, ಎಲ್ಲಿಂದ ಹೊರಬರುತ್ತದೆ ಎಂದು ಕೇಳಬೇಕು.

ಬಿಳಿ ಅಂಟು ಎಂದರೆ ಪಾಲಿವಿನೈಲ್ ಅಸಿಟೇಟ್. ಈ ಪದಾರ್ಥವನ್ನು ಜರ್ಮನಿಯ ರಸಾಯನತಜ್ಞ ಫ್ರಿಟ್ಸ್ ಕ್ಲಾಟೆ 1912ರಲ್ಲಿ ಕಂಡುಹಿಡಿದರು. ನಮ್ಮಲ್ಲಿ ಫೆವಿಕಾಲ್ 1959ರಲ್ಲಿ ಬಂದ ಮೇಲೆ ಬಡಗಿಗಳ ಮನೆಯಲ್ಲಿ ಬಿಸಿ ಮಾಡಿ ಬಳಸುತ್ತಿದ್ದ ಪ್ರಾಣಿಜನ್ಯ ಅಂಟಿನ ಜಾಗವನ್ನು ಅದು ಹಿಡಿಯಿತು. ಬಾಟಲಿಯಲ್ಲಿರುವುದು ದ್ರಾವಣವಲ್ಲ, ನೀರಿನಲ್ಲಿ ತೇಲುವ ಸೂಕ್ಷ್ಮ ಕಣಗಳ ಎಮಲ್ಶನ್, ಬಣ್ಣ ಬೆಳ್ಳಗಿರುವುದು ಅದಕ್ಕೇ. ಒಟ್ಟು ತೂಕದಲ್ಲಿ ಸುಮಾರು ಅರ್ಧ ನೀರೇ. ಆ ನೀರನ್ನು ಕಾಗದ ಹೀರಿಕೊಂಡಾಗ ಕಣಗಳು ಒತ್ತೊತ್ತಾಗಿ ಸೇರಿ, ಒಂದರೊಳಗೊಂದು ಬೆರೆತು ಪಾರದರ್ಶಕ ಪದರವಾಗುತ್ತವೆ. ಅಂಟಿನ ಬಲವೆಲ್ಲ ಈ ಪದರದಲ್ಲಿದೆ, ಮತ್ತು ಈ ಪದರ ತೆಳ್ಳಗಿದ್ದಷ್ಟೂ ಒಳ್ಳೆಯದು. ಹೆಚ್ಚು ಅಂಟು ಹಚ್ಚಿದರೆ ಹೆಚ್ಚು ಗಟ್ಟಿ ಎಂಬುದು ಕಾಗದದ ಕೆಲಸದಲ್ಲಿ ಸುಳ್ಳು. ಎರಡು ಕಾಗದದ ತುಂಡುಗಳನ್ನು ತೀರ ತೆಳುವಾದ ಬಿಳಿ ಅಂಟಿನಿಂದ ಕೂಡಿಸಿ ಒಣಗಿಸಿ ಕಿತ್ತು ನೋಡಿ: ಕೀಳುವುದು ಕೂಡಿಕೆಯಲ್ಲ, ಕಾಗದದ ಮೈ. ಕಾಗದಕ್ಕಿಂತ ಅಂಟು ಗಟ್ಟಿಯಾದ ಮೇಲೆ ಅದಕ್ಕಿಂತ ಹೆಚ್ಚಿನ ಬಲದಿಂದ ಪ್ರಯೋಜನವೇನು? ಉಳಿಯುವುದು ಹೆಚ್ಚುವರಿ ನೀರು ಮಾತ್ರ.

ಇದರಿಂದ ಒಂದು ಉಪಾಯ ಹುಟ್ಟುತ್ತದೆ. ಒಣಗಿದ ಬಿಳಿ ಅಂಟಿನ ಪದರ ಬಿಸಿಗೆ ಮೆದುವಾಗಿ ಮತ್ತೆ ಅಂಟುತ್ತದೆ. ಗೋಡೆಯ ರಟ್ಟಿಗೂ ಮುದ್ರಿತ ಹಾಳೆಯ ಹಿಂಬದಿಗೂ ತೆಳ್ಳಗೆ, ಸಮವಾಗಿ ಬಿಳಿ ಅಂಟು ಬಳಿದು ಎರಡನ್ನೂ ಬೇರೆ ಬೇರೆಯಾಗಿಯೇ ಪೂರ್ತಿ ಒಣಗಿಸಿ. ಹಾಳೆ ಸುರುಳಿಕೊಂಡರೂ ಚಿಂತೆಯಿಲ್ಲ. ಬಳಿಕ ರಟ್ಟಿನ ಮೇಲೆ ಹಾಳೆಯನ್ನು ಹೊಂದಿಸಿ, ಮೇಲೊಂದು ಖಾಲಿ ಹಾಳೆ ಹಾಸಿ, ಇಸ್ತ್ರಿಪೆಟ್ಟಿಗೆಯನ್ನು ಮಧ್ಯಮ ಬಿಸಿಯಲ್ಲಿ, ಹಬೆಯಿಲ್ಲದೆ, ನಡುವಿನಿಂದ ಅಂಚಿನ ಕಡೆಗೆ ಒತ್ತುತ್ತ ಸಾಗಿಸಿ. ಕೂಡುವ ಹೊತ್ತಿಗೆ ನೀರೇ ಇರುವುದಿಲ್ಲವಾದ್ದರಿಂದ ಕುಗ್ಗುವ ಮಾತೂ ಇಲ್ಲ. ದ್ರಾವಕದ ವಾಸನೆಯಿಲ್ಲ, ಮುಂದೆ ಹಳದಿಯಾಗುವ ರಬ್ಬರೂ ಇಲ್ಲ. ಇಸ್ತ್ರಿಯ ಕೆಲಸವನ್ನು ಮಾತ್ರ ದೊಡ್ಡವರೇ ಮಾಡಬೇಕು.

ಈ ಗುಣಕ್ಕೆ ಇನ್ನೊಂದು ಮುಖವಿದೆ. ಬಿಳಿ ಅಂಟಿನ ಕೂಡಿಕೆ ಬೇಸಿಗೆಯ ಬಿಸಿಗೂ ಮೆದುವಾಗುತ್ತದೆ. ಏಪ್ರಿಲ್ ತಿಂಗಳಲ್ಲಿ ವಿಜಯಪುರದ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಮಾದರಿಯನ್ನು ಬಿಟ್ಟರೆ ಸೆಟೆದು ನಿಂತ ಕೂಡಿಕೆಗಳು ಮೆಲ್ಲಗೆ ಜಾರುತ್ತವೆ.

ಕರಾವಳಿ ಕತ್ತರಿ, ಉಡುಪಿ

ನಿಮ್ಮ ಬಯಲುಸೀಮೆಯ ಒಣ ಹವೆಯ ಲೆಕ್ಕ ಇಲ್ಲಿಗೆ ಹೊಂದುವುದಿಲ್ಲ ಎಂಬುದನ್ನು ಮಾತ್ರ ಸೇರಿಸುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಕಾಗದವೇ ಹಸಿಯಾಗಿರುತ್ತದೆ, ಬಿಳಿ ಅಂಟು ಬಿಡುವ ನೀರನ್ನು ಅದು ಹೀರುವುದು ಎಲ್ಲಿಂದ? ಬೇಸಿಗೆಯಲ್ಲಿ ಅರ್ಧ ಗಂಟೆಗೆ ಕೈಬಿಡಬಹುದಾದ ಕೂಡಿಕೆಯನ್ನು ಮಳೆಗಾಲದಲ್ಲಿ ಮರುದಿನದವರೆಗೆ ಕ್ಲಿಪ್ ಹಾಕಿಯೇ ಇಡಬೇಕಾಗುತ್ತದೆ. ನಾನು ಕತ್ತರಿಸುವ ಮುನ್ನ ಹಾಳೆಗಳನ್ನು ಹಗುರವಾಗಿ ಇಸ್ತ್ರಿ ಮಾಡಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಡಬ್ಬಿಯಲ್ಲಿ ಮುಚ್ಚಿಡುತ್ತೇನೆ. ಹೊಸ ಚಪ್ಪಲಿ, ಚೀಲಗಳ ಜೊತೆ ಬರುವ ಪೊಟ್ಟಣಗಳನ್ನು ಎಸೆಯದಿದ್ದರೆ ಸಾಕು.

ಮೈದಾ ಸರಿ, ಗಂಜಿ, ಅನ್ನದ ಅಗುಳು ಮುಂತಾದ ಮನೆಯ ಅಂಟುಗಳನ್ನು ಯಾರೂ ಇನ್ನೂ ಎತ್ತಿಲ್ಲ; ಎತ್ತುವ ಮೊದಲೇ ಕರಾವಳಿಯವರಿಗೆ ಎಚ್ಚರಿಕೆ ಹೇಳಿಬಿಡುತ್ತೇನೆ. ಬೂಷ್ಟು ಮೊದಲು ಬರುತ್ತದೆ, ಅದರ ಹಿಂದೆಯೇ ಜಿರಲೆ, ಬೆಳ್ಳಿಹುಳ. ಪಿಷ್ಟವನ್ನು ತಿನ್ನಲು ಬಂದವು ಕಾಗದವನ್ನೂ ಬಿಡುವುದಿಲ್ಲ.

ರಟ್ಟುಗಾರ, ಮೈಸೂರು

ಕತ್ತರಿಯವರೇ, ನೀವು ಎಚ್ಚರಿಸಿದ್ದು ಸರಿ, ಆದರೆ ಮೈದಾ ಸರಿಯಂಥ ಪಿಷ್ಟದ ಅಂಟನ್ನು ಅಷ್ಟು ಸುಲಭಕ್ಕೆ ತಳ್ಳಿಹಾಕಬೇಡಿ. ಹಳೆಯ ಬೈಂಡರುಗಳು ಮೈದಾ ಸರಿ ಕಾಯಿಸುವಾಗ ಚೂರು ಮೈಲುತುತ್ತ ಹಾಕುತ್ತಿದ್ದದ್ದು ಈ ಹುಳಗಳ ಕಾಟಕ್ಕೇ. ಅದು ವಿಷ, ಮಕ್ಕಳು ಮುಟ್ಟುವ ಕೆಲಸಕ್ಕೆ ತರಬಾರದು. ಇನ್ನೊಂದು ಕಡೆ, ಹಸ್ತಪ್ರತಿಗಳನ್ನೂ ಹಳೆಯ ನಕ್ಷೆಗಳನ್ನೂ ದುರಸ್ತಿ ಮಾಡುವ ಪ್ರಯೋಗಾಲಯಗಳಲ್ಲಿ ಇಂದಿಗೂ ಗೋಧಿಯ ಪಿಷ್ಟದ ಸರಿಯನ್ನೇ ಬಳಸುತ್ತಾರೆ. ಕಾರಣ, ನೂರು ವರ್ಷದ ನಂತರವೂ ನೀರು ಸೋಕಿಸಿ ಅದನ್ನು ಬಿಡಿಸಬಹುದು; ಒಣಗಿದ ಬಿಳಿ ಅಂಟು ನೀರಿಗೆ ಮೆದುವಾಗಬಹುದು, ಆದರೆ ನಾರಿನೊಳಗಿಂದ ಶುದ್ಧವಾಗಿ ಹೊರಬರುವುದಿಲ್ಲ. ಕಾಗದದ ಮಾದರಿಯ ಕೆಲಸದಲ್ಲಿ ಬಿಡಿಸುವ ಪ್ರಸಂಗ ಅಪರೂಪ ಎಂದು ಒಪ್ಪುತ್ತೇನೆ. ಅಗಲವಾದ ತೆಳು ಹಾಳೆಗಳನ್ನು ಒಂದರ ಮೇಲೊಂದು ಕೂಡಿಸಿ ನೀವೇ ದಪ್ಪ ರಟ್ಟು ಮಾಡಿಕೊಳ್ಳುವುದಾದರೆ ಮಾತ್ರ ಅದರಷ್ಟು ಅಗ್ಗದ, ಅದರಷ್ಟು ನಿಧಾನವಾಗಿ ಒಣಗಿ ಸರಿಸಿ ಕೂರಿಸಲು ಅವಕಾಶ ಕೊಡುವ ಅಂಟು ಬೇರೆ ಇಲ್ಲ.

ಹುಣಸೆಬೀಜ, ಕೊಪ್ಪಳ

ಮನೆಯ ಅಂಟುಗಳ ಮಾತು ಬಂದದ್ದರಿಂದ ಒಂದು ಸಣ್ಣ ಟಿಪ್ಪಣಿ. ನಮ್ಮ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಮರದ ಗೊಂಬೆಗಳ ಬಿಡಿಭಾಗಗಳನ್ನು ಕೂಡಿಸಲು ಹುಣಸೆ ಬೀಜದ ಅಂಟನ್ನೇ ನಂಬಿಕೊಂಡವರು; ಸೆಣಬಿನ ಚಿಂದಿ ಮತ್ತು ಮರದ ಹೊಟ್ಟನ್ನು ಆ ಅಂಟಿನೊಂದಿಗೆ ಕಲಸಿ ಕಿಟ್ಟ ಮಾಡಿ ಸಂದುಗಳನ್ನು ತುಂಬುತ್ತಾರೆ. ಬೀಜವನ್ನು ನೆನೆಸಿ, ಸಿಪ್ಪೆ ತೆಗೆದು, ಅರೆದು ಕುದಿಸಬೇಕು. ಕಾಗದಕ್ಕೂ ಚೆನ್ನಾಗಿಯೇ ಹಿಡಿಯುತ್ತದೆ. ಆದರೆ ರಸಾಯನ ಅವರು ಹೇಳಿದ ನೀರಿನ ಲೆಕ್ಕದಲ್ಲಿ ಇದು ಬಿಳಿ ಅಂಟಿಗಿಂತ ಹಿಂದೆ, ಏಕೆಂದರೆ ಬಳಿಯುವ ಹದಕ್ಕೆ ಬರಬೇಕಾದರೆ ಹೆಚ್ಚಿನ ಭಾಗ ನೀರೇ ಇರಬೇಕಾಗುತ್ತದೆ. ಮೇಷ್ಟ್ರ ಗುಮ್ಮಟಕ್ಕೆ ಇದು ಒಗ್ಗುವುದಿಲ್ಲ.

ಗುಮ್ಮಟದ ಗೀಳು, ವಿಜಯಪುರ

ಎಲ್ಲರಿಗೂ ಕೃತಜ್ಞತೆಗಳು. ಇಸ್ತ್ರಿಯ ವಿಧಾನದಿಂದ ಒಂದು ಗೋಡೆ ಮಾಡಿ ನೋಡಿದೆ. ಮೇಜಿನ ಮೇಲೆ ಇಟ್ಟರೆ ನಾಲ್ಕೂ ಮೂಲೆ ಸಮನಾಗಿ ಕೂರುತ್ತಿದೆ. ಬಣ್ಣವೂ ಹರಡಲಿಲ್ಲ. ಈಗ ಉಳಿದದ್ದು ಗುಮ್ಮಟ. ಎಸಳುಗಳನ್ನು ಎ4 ಹಾಳೆಯ ಮೇಲೆ 21 ಸೆಂ.ಮೀ. ಬದಿಗೆ ಸಮಾನಾಂತರವಾಗಿ ಸಾಲಾಗಿ ಇಟ್ಟು ಮುದ್ರಿಸಿದ್ದೇನೆ, ಅಂದರೆ ನಾರು ಎಸಳಿಗೆ ಅಡ್ಡವಾಗಿದೆ. ಹೀಗೆ ಇಟ್ಟರೆ ಎಸಳು ಬುಡದಿಂದ ತುದಿಗೆ ಸಲೀಸಾಗಿ ಬಾಗುತ್ತದೆ ಎಂಬ ಯೋಚನೆ ನನ್ನದು. ಇದು ಸರಿಯೇ?

ರಟ್ಟುಗಾರ, ಮೈಸೂರು

ಬಾಗಿಸುವುದಕ್ಕೆ ಸರಿ, ಅಂಟಿಸುವುದಕ್ಕೆ ತಪ್ಪು. ಕೂಡುಗೆರೆ ಎಸಳಿನ ಉದ್ದಕ್ಕೂ ಸಾಗುತ್ತದೆ. ನಾರು ಅಡ್ಡವಾಗಿದ್ದರೆ ಅಂಟು ತಾಗಿದ ಅಂಚು ಉದ್ದಕ್ಕೆ ಹಿಗ್ಗುತ್ತದೆ, ಅಂಟು ತಾಗದ ನಡುಭಾಗ ಹಿಗ್ಗುವುದಿಲ್ಲ. ಪೂರ್ತಿ ನೆನೆದ ಕಾಗದ ನಾರಿಗೆ ಅಡ್ಡವಾಗಿ ನೂರಕ್ಕೆ ಒಂದೆರಡು ಭಾಗ ಹಿಗ್ಗಬಲ್ಲದು, 17.3 ಸೆಂ.ಮೀ. ಅಂಚಿನಲ್ಲಿ ಅದು ಎರಡು ಮೂರು ಮಿಲಿಮೀಟರಿನ ಮಾತು. ಆ ಮಿಲಿಮೀಟರುಗಳೇ ನಿಮಗೆ ಸುಕ್ಕಾಗಿ ಕಾಣುತ್ತಿವೆ. ನಾರನ್ನು ಎಸಳಿನುದ್ದಕ್ಕೆ ತಿರುಗಿಸಿ.

ಮಾದರಿಮನೆ, ಬೆಂಗಳೂರು

ತಿರುಗಿಸಿದರೆ ಎಸಳು ಉದ್ದಕ್ಕೆ ಬಾಗುವ ಬದಲು ಅಡ್ಡಕ್ಕೆ ಕೊಳವೆಯಾಗುತ್ತದೆ, ಮತ್ತು ಬಲವಂತವಾಗಿ ಬಾಗಿಸಿದಲ್ಲಿ ಮುರಿದ ಗೆರೆಗಳು ಬೀಳುತ್ತವೆ. ದಪ್ಪ ಕಾರ್ಡಿನಲ್ಲಿ ಇದು ಸಣ್ಣ ತೊಂದರೆಯಲ್ಲ. ನನ್ನ ಮಟ್ಟಿಗೆ, ನಾರನ್ನು ಈಗಿದ್ದಂತೆಯೇ ಬಿಟ್ಟು ನೀರನ್ನು ಕಡಿಮೆ ಮಾಡುವುದೇ ಜಾಣತನ.

ಹಿಮದೂರು, ಕೆನಡಾ

ಈ ಜಗಳಕ್ಕೆ ಎರಡೂ ಕಡೆ ಸೇರಬಹುದಾದ ದಾರಿಯೊಂದಿದೆ. ಕಾಗದದ ಮಾದರಿಗಳ ಹವ್ಯಾಸ ಆಳವಾಗಿ ಬೇರುಬಿಟ್ಟಿರುವ ದೇಶ ಪೋಲೆಂಡ್. ಅಲ್ಲಿ 1957ರಲ್ಲೇ ಇದಕ್ಕೆಂದೇ ಒಂದು ಪತ್ರಿಕೆ ಶುರುವಾಯಿತು. ವಿಮಾನದ ಮೂತಿ, ಹಡಗಿನ ಹೊಟ್ಟೆ ಮೊದಲಾದ ಉಬ್ಬು ಆಕಾರಗಳನ್ನು ಎಸಳುಗಳಿಂದ ಕೂಡಿಸುವ ನುರಿತವರು ಎಸಳಿಗೇ ಸೇರಿದ ಅಂಟುಪಟ್ಟಿಯನ್ನು ಕತ್ತರಿಸಿ ತೆಗೆದುಬಿಡುತ್ತಾರೆ, ಅದರ ಬದಲು ಒಳಗಡೆಯಿಂದ ತೆಳು ಕಾಗದದ ಬೇರೆ ಪಟ್ಟಿಯನ್ನು ಹಚ್ಚುತ್ತಾರೆ. ಎರಡು ಎಸಳುಗಳ ಅಂಚು ಒಂದಕ್ಕೊಂದು ಮುಟ್ಟಿಕೊಂಡು ನಿಲ್ಲುತ್ತದೆ, ಒಂದರ ಮೇಲೊಂದು ಹತ್ತುವುದಿಲ್ಲ. ಹಾಗಾಗಿ ಹೊರಗಡೆ ಮೆಟ್ಟಿಲು ಕಾಣುವುದಿಲ್ಲ.

ನಿಮ್ಮ ಗುಮ್ಮಟಕ್ಕೆ 80 ಜಿಎಸ್‌ಎಂ ಹಾಳೆಯಿಂದ ಒಂದು ಸೆಂಟಿಮೀಟರ್ ಅಗಲದ ಪಟ್ಟಿಗಳನ್ನು, ನಾರು ಪಟ್ಟಿಯುದ್ದಕ್ಕೆ ಬರುವಂತೆ ಕತ್ತರಿಸಿ. ಪಟ್ಟಿಯ ಎರಡೂ ಅಂಚುಗಳಿಗೆ ಅಲ್ಲಲ್ಲಿ ಕಚ್ಚು ಹಾಕಿದರೆ ಬಾಗಿನಲ್ಲಿ ಅದು ಸುಕ್ಕಾಗದೆ ಕೂರುತ್ತದೆ. ಅಂಟನ್ನು ಎಸಳಿಗೆ ಹಚ್ಚಬೇಡಿ, ಪಟ್ಟಿಗೆ ಹಚ್ಚಿ. ನೀರಿನ ಹೆಚ್ಚಿನ ಪಾಲನ್ನು ತೆಳುವಾದ ಪಟ್ಟಿ ಕುಡಿಯುತ್ತದೆ, 200 ಜಿಎಸ್‌ಎಂ ಎಸಳಿಗೆ ತಲುಪುವುದು ಅಲ್ಪ. ಎಸಳುಗಳನ್ನು ಅಂಟಿಸುವ ಮೊದಲೇ ಒಣಗಿದ್ದಾಗಲೇ ಬಾಗಿಸಿಕೊಂಡಿರಬೇಕು: ಮೌಸ್ ಪ್ಯಾಡ್ ಅಥವಾ ಮಡಚಿದ ಟವೆಲ್ ಮೇಲೆ ಎಸಳನ್ನು ಬೋರಲು ಹಾಕಿ ಚಮಚದ ಬೆನ್ನಿನಿಂದ ಉಜ್ಜಿದರೆ ಎರಡೂ ದಿಕ್ಕಿಗೆ ಬಟ್ಟಲಿನಾಕಾರ ಬರುತ್ತದೆ. ಆಕಾರವನ್ನು ಅಂಟಿನಿಂದ ಹಿಡಿದಿಡಲು ಹೋಗಬಾರದು.

ಅಂಟನ್ನೂ ಸ್ವಲ್ಪ ಗಟ್ಟಿ ಮಾಡಿಕೊಳ್ಳಿ. ಬಾಟಲಿಯ ಮುಚ್ಚಳದಲ್ಲಿ ಒಂದಿಷ್ಟು ಬಿಳಿ ಅಂಟನ್ನು ಸುರಿದು, ಮೇಲೆ ಕೆನೆಕಟ್ಟದಂತೆ ಆಗಾಗ ಕದಡುತ್ತ ತೆರೆದಿಟ್ಟರೆ ಅರ್ಧ ಗಂಟೆಯೊಳಗೆ ಎಳೆ ಬರುವ ಹದಕ್ಕೆ ಬರುತ್ತದೆ. ಹಾಗೆ ನೀರು ಬಿಟ್ಟ ಅಂಟು ಬೆರಳಲ್ಲಿ ಹಿಡಿದ ಕೆಲವೇ ಕ್ಷಣಗಳಲ್ಲಿ ಕಚ್ಚಿಕೊಳ್ಳುತ್ತದೆ.

ನಮ್ಮಂಥ ಚಳಿನಾಡಿನಲ್ಲಿರುವ ಕನ್ನಡಿಗರಿಗೆ ಒಂದು ಮಾತು: ಬಿಳಿ ಅಂಟನ್ನು ಗ್ಯಾರೇಜಿನಲ್ಲಿ ಇಡಬೇಡಿ. ಹೆಪ್ಪುಗಟ್ಟಿ ಕರಗಿದ ಅಂಟು ಒಡೆದ ಹಾಲಿನ ಹಾಗೆ ಗಂಟುಗಂಟಾಗುತ್ತದೆ, ಮತ್ತೆ ಕೂಡುವುದಿಲ್ಲ. ತೀರ ತಂಪಾದ ಕೋಣೆಯಲ್ಲಿ ಹಚ್ಚಿದರೂ ಕಣಗಳು ಬೆರೆಯದೆ ಸುಣ್ಣದಂತೆ ಬೆಳ್ಳಗೆ ಉಳಿದು ಉದುರುತ್ತವೆ.

ರಟ್ಟುಗಾರ, ಮೈಸೂರು

ಪಟ್ಟಿಗೆ ಹಚ್ಚುವುದು ಒಳ್ಳೆಯ ಉಪಾಯ. ಒಪ್ಪಿದೆ. ಆದರೂ ನಾನಾಗಿದ್ದರೆ ನಾರನ್ನು ಉದ್ದಕ್ಕೇ ಇಡುತ್ತಿದ್ದೆ.

ಹೊಸಕೈ, ಹಾಸನ

ಬಣ್ಣ ಹರಡುವ ತೊಂದರೆ ನನಗೂ ಇದೆ. ಲೇಸರ್ ಪ್ರಿಂಟ್ ತೆಗೆಸಿದರೆ ಸರಿಹೋಗುತ್ತದೆಯೇ?

ರಸಾಯನ, ಧಾರವಾಡ

ಬಣ್ಣ ಹರಡುವುದು ನಿಲ್ಲುತ್ತದೆ, ಬೇರೊಂದು ತೊಂದರೆ ಬರುತ್ತದೆ. ಇಂಕ್‌ಜೆಟ್‌ನ ಸಾಮಾನ್ಯ ಬಣ್ಣಗಳು ನೀರಿನಲ್ಲಿ ಕರಗುವಂಥವು, ಆದ್ದರಿಂದ ಬಿಳಿ ಅಂಟಿನ ನೀರಿಗೂ ಕರಗುತ್ತವೆ. ಲೇಸರ್ ಪ್ರಿಂಟರಿನ ಟೋನರ್ ಎಂದರೆ ಬಿಸಿಯಿಂದ ಕಾಗದಕ್ಕೆ ಕರಗಿಸಿ ಕೂರಿಸಿದ ಪ್ಲಾಸ್ಟಿಕ್ ಪುಡಿ. ಅದರ ಮೂಲಕ ನೀರು ಇಳಿಯುವುದಿಲ್ಲ. ಹಾಗಾಗಿ ಬಣ್ಣ ತುಂಬಿದ ಅಂಟುಪಟ್ಟಿಯ ಮೇಲೆ ಬಿಳಿ ಅಂಟು ಕಾಗದವನ್ನು ಹಿಡಿಯದೆ ಟೋನರಿನ ಪದರವನ್ನು ಮಾತ್ರ ಹಿಡಿಯುತ್ತದೆ, ಎಳೆದರೆ ಆ ಪದರವೇ ಕಿತ್ತುಬರುತ್ತದೆ. ನಕ್ಷೆಯಲ್ಲಿ ಅಂಟುಪಟ್ಟಿಗಳನ್ನು ಬಿಳಿಯಾಗಿಯೇ ಬಿಡಿ. ಈಗಾಗಲೇ ಮುದ್ರಿಸಿಯಾಗಿದ್ದರೆ ಬ್ಲೇಡಿನ ಅಲಗಿನಿಂದ ಮೇಲ್ಮೈಯನ್ನು ಕೆರೆದು ನಾರು ಕಾಣುವಂತೆ ಮಾಡಿ ಅಂಟು ಹಚ್ಚಿ. ಹೊಳಪು ಲೇಪದ ಹಾಳೆಗಳಿಗೂ ಇದೇ ಮಾತು. ಮಡಿಕೆಗಳ ಮೇಲೆ ಟೋನರ್ ಬಿರಿದು ಬಿಳಿ ಗೆರೆ ಕಾಣುವುದೂ ಉಂಟು. ಅದೇ ಬಣ್ಣದ ಸ್ಕೆಚ್ ಪೆನ್ನಿನಿಂದ ತಿದ್ದಬಹುದು.

ಇಂಕ್‌ಜೆಟ್ ಹಾಳೆಗೆ ಕತ್ತರಿಸುವ ಮುನ್ನ ಪಾರದರ್ಶಕ ಆಕ್ರಿಲಿಕ್ ಸ್ಪ್ರೇಯನ್ನು ತೆಳುವಾಗಿ ಹೊಡೆದರೆ ಕೈಯ ಬೆವರಿಗೂ ಬಣ್ಣ ಬಿಡುವುದಿಲ್ಲ. ಅದನ್ನು ಮುಂಬದಿಗೆ ಮಾತ್ರ ಹೊಡೆಯಬೇಕು. ಹಿಂಬದಿಗೂ ಹೋದರೆ ಅಂಟು ಹಿಡಿಯುವುದಿಲ್ಲ.

ಗುಮ್ಮಟದ ಗೀಳು, ವಿಜಯಪುರ

ಪಟ್ಟಿಯ ವಿಧಾನದಲ್ಲಿ ಗುಮ್ಮಟ ಕೂಡಿಬಂದಿದೆ. ನಾರು ಎರಡೂ ದಿಕ್ಕಿನಲ್ಲಿರುವ ಎಸಳುಗಳನ್ನು ಮಾಡಿ ನೋಡಿದೆ. ಅಡ್ಡ ನಾರಿನವು ದುಂಡಗೆ ಬಂದವು. ಉದ್ದ ನಾರಿನವುಗಳ ಕೂಡುಗೆರೆ ಹೆಚ್ಚು ಶುದ್ಧವಾಗಿದೆ, ಆದರೆ ಬೆಳಕಿಗೆ ಹಿಡಿದರೆ ಮೈಮೇಲೆ ಮಸುಕಾದ ಮುರಿತಗಳು ಕಾಣುತ್ತವೆ. ಮಕ್ಕಳಿಗೆ ಅಡ್ಡ ನಾರಿನ ನಕ್ಷೆಯನ್ನೇ ಕೊಡುತ್ತೇನೆ, ರಟ್ಟುಗಾರರು ಮನ್ನಿಸಬೇಕು. ತರಗತಿಯಲ್ಲಿ ಪ್ರತಿ ಗುಂಪಿಗೆ ಒಂದು ಬಾಟಲಿ ಕೊಟ್ಟರೆ ಅವರು ಹಿಂಡುವ ರಭಸಕ್ಕೆ ಎಲ್ಲವೂ ನೆನೆಯುವುದು ಖಂಡಿತವಾದ್ದರಿಂದ, ಮುಚ್ಚಳದಲ್ಲಿ ಗಟ್ಟಿ ಮಾಡಿದ ಅಂಟನ್ನೂ ಅದನ್ನು ಹಚ್ಚಲು ಉರಿದು ಉಳಿದ ಊದುಬತ್ತಿಯ ಕಡ್ಡಿಗಳನ್ನೂ ಕೊಡಬೇಕೆಂದಿದ್ದೇನೆ. ಕಡ್ಡಿಯ ತುದಿಯಲ್ಲಿ ಎಷ್ಟು ನಿಲ್ಲುತ್ತದೋ ಅಷ್ಟೇ ಅಂಟು.

ಕೊನೆಯದಾಗಿ ಒಂದು ಪ್ರಶ್ನೆ. ಗುಮ್ಮಟದ ಬುಡದಲ್ಲಿ ಸುತ್ತಲೂ ಕಮಲದ ದಳಗಳ ಸಾಲಿದೆ. ಈ ಪ್ರಮಾಣದಲ್ಲಿ ಒಂದೊಂದು ದಳವೂ ಉಗುರಿನಷ್ಟಾಗುತ್ತದೆ. ಇವುಗಳನ್ನು ಅಂಟಿಸುವಾಗ ಅಂಟು ಹೊರಗೆ ಇಣುಕದಂತೆ ಮಾಡುವುದು ಹೇಗೆ?

ಹಿಮದೂರು, ಕೆನಡಾ

ಬಿಡಿ ದಳಗಳನ್ನಾಗಿ ಕತ್ತರಿಸಬೇಡಿ. ಬುಡದಲ್ಲಿ ಐದು ಮಿಲಿಮೀಟರಿನ ಪಟ್ಟಿ ಉಳಿಯುವಂತೆ ಇಡೀ ಸಾಲನ್ನು ಒಂದೇ ಉದ್ದನೆಯ ಬಾಚಣಿಗೆಯಂತೆ ಕತ್ತರಿಸಿ, ಗುಮ್ಮಟದ ಸುತ್ತಳತೆ ಸುಮಾರು 69 ಸೆಂ.ಮೀ. ಆಗುವುದರಿಂದ ಅದನ್ನು ಮೂರು ತುಂಡುಗಳಾಗಿ ಮಾಡಿಕೊಳ್ಳಿ. ದಳಗಳ ತುದಿಯನ್ನು ಪೆನ್ಸಿಲಿನ ಮೇಲೆ ಹೊರಳಿಸಿ ಹೊರಗೆ ಬಾಗಿಸಿ. ಅಂಟನ್ನು ಬುಡದ ಪಟ್ಟಿಗೆ ಮಾತ್ರ, ಅದೂ ಕೆಳಗಿನ ಮೂರು ಮಿಲಿಮೀಟರಿಗೆ ಮಾತ್ರ ಹಚ್ಚಿ. ಒತ್ತಿದಾಗ ಅದು ಮೇಲಕ್ಕೆ ಹರಡಲು ಎರಡು ಮಿಲಿಮೀಟರ್ ಜಾಗ ಉಳಿದಿರುತ್ತದೆ. ದಳಗಳು ಸಡಿಲವಾಗಿಯೇ ಇರಲಿ, ಅವುಗಳ ಬೆನ್ನಿಗೆ ಅಂಟು ಬೇಡ. ಹಾಗೂ ಇಣುಕಿದ ಅಂಟನ್ನು ಹಸಿಯಿದ್ದಾಗ ಒರೆಸಿದರೆ ಬಣ್ಣದ ಮೇಲೆ ಹರಡುತ್ತದೆ; ಅದು ಅರೆ ಒಣಗಿ ರಬ್ಬರಿನಂತಾಗುವವರೆಗೆ ಕಾದು ಚಿಮುಟದಿಂದ ಎತ್ತಿದರೆ ಎಳೆಯಾಗಿ ಬಂದುಬಿಡುತ್ತದೆ.